ಮಾವನ ಎಡಗಿವಿ

ನಮ್ಮ ಮಾವನಿಗೆ ಬಲಗಿವಿ ಕೇಳಿಸುವುದಿಲ್ಲ. ಮೂವತ್ತೊಂದು ವರ್ಷ ಅಣೆಕಟ್ಟಿನ ಗೇಟು ಏರಿಸಿ ಇಳಿಸುವ ಕೆಲಸ ಮಾಡಿದವರು ಅವರು. ಆ ಯಂತ್ರದ ಕೋಣೆಯಲ್ಲಿ ಮೋಟಾರು ಅವರ ಬಲಗಡೆಗೇ ಇತ್ತಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದು ಗೊತ್ತಿಲ್ಲದೆ ಒಂದು ವಾರ ಅವರ ಬಲಗಡೆ ನಿಂತು ಊಟಕ್ಕೆ ಕರೆದಿದ್ದೇನೆ. ಎಂಥ ಗಂಟುಮುಖದ ಮನುಷ್ಯನಪ್ಪಾ ಅಂದುಕೊಂಡಿದ್ದೆ. ಅವರೋ ಮಗನ ಹತ್ತಿರ, ಸೊಸೆ ತುಂಬಾ ಮಿತಭಾಷಿ ಅಂತ ಹೊಗಳಿದ್ದರಂತೆ. ನನ್ನನ್ನು ಆ ಮಾತಿನಿಂದ ಹೊಗಳಿದವರು ಅವರೊಬ್ಬರೇ.

ಎಡಗಿವಿ ಮಾತ್ರ ಬಲು ಚುರುಕು. ಈಗ ಹೇಳಹೊರಟಿರುವುದು ಆ ಎಡಗಿವಿಯ ವಿಷಯ.

ನಮ್ಮೂರಿನದು ಕಟ್ಟಿ ನಿಲ್ಲಿಸಿದ ನೀರು. ಎರಡು ಗುಡ್ಡಗಳ ನಡುವೆ ಗೋಡೆ ಎಬ್ಬಿಸಿದರು, ನೀರು ನಿಂತಿತು, ಅದರೊಳಗೆ ಯಾರೋ ಬಾಸ್ ಮೀನಿನ ಮರಿ ಬಿಟ್ಟರು. ಅಗಲ ಬಾಯಿಯ, ಮುಂಗೋಪದ ಮೀನು ಅದು. ಹಸಿವಿಲ್ಲದಿದ್ದರೂ ಎದುರಿಗೆ ಬಂದದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಈ ಮಾತು ಹೇಳುವಾಗ ನನ್ನ ಗಂಡ ನನ್ನ ಕಡೆ ನೋಡುತ್ತಾರೆ. ಮುಳುಗಿದ ಮರದ ಬೊಡ್ಡೆಯೋ ಬಂಡೆಯ ನೆರಳೋ ಸಿಕ್ಕರೆ ಅಲ್ಲೇ ಮನೆ ಮಾಡಿಕೊಳ್ಳುತ್ತದೆ. ಈ ಮೀನಿಗೆ ಗಾಳ ಹಾಕಲು ದೂರದೂರದಿಂದ ಜನ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಬರುತ್ತಾರೆ. ಊರಿನ ಬೇಕರಿ, ಲಾಡ್ಜು, ಪಂಕ್ಚರ್ ಅಂಗಡಿ ಎಲ್ಲದರ ಬೋರ್ಡಿನ ಮೇಲೂ ಬಾಯಿ ತೆರೆದ ಬಾಸ್ ಇದೆ. ಹಲ್ಲಿನ ಡಾಕ್ಟರ ಬೋರ್ಡಿನ ಮೇಲಿರುವ ಮೀನಿಗೆ ಸಾಲಾಗಿ ಬಿಳಿ ಹಲ್ಲು ಬರೆಸಿದ್ದಾರೆ.

ತಿಂಗಳಿಗೊಂದು ಭಾನುವಾರ ಊರಿನವರದೇ ಸ್ಪರ್ಧೆ. ಎಂಟು ಜನ, ಎಂಟು ದೋಣಿ. ಬೆಳಕು ಹರಿಯುವಾಗ ಹೋಗಿ ಮಧ್ಯಾಹ್ನದ ಹೊತ್ತಿಗೆ ದೋಣಿಕಟ್ಟೆಗೆ ವಾಪಸು. ಒಬ್ಬೊಬ್ಬರು ತಂದ ದೊಡ್ಡ ಮೀನನ್ನು ಜೀವಂತವಾಗಿ ತೂಗಬೇಕು, ಜೀವಂತವಾಗಿ ನೀರಿಗೆ ಬಿಡಬೇಕು. ತೂಗಿ ಬರೆದುಕೊಳ್ಳುವವಳು ನಾನು. ನೀರಿಗೆ ಬಿಡುವವರು ಮಾವ.

ಮೊದಲೆಲ್ಲ ಎಂಟೂ ಮೀನನ್ನು ಕಟ್ಟೆಯ ಪಕ್ಕದಲ್ಲೇ ಸುರಿದುಬಿಡುತ್ತಿದ್ದರಂತೆ. ಅಲ್ಲಿ ನೀರು ಮೊಣಕಾಲುದ್ದ, ಬಿಸಿಲಿಗೆ ಕಾದಿರುತ್ತದೆ. ಮೀನುಗಳು ದಿಕ್ಕೆಟ್ಟು ಅಲ್ಲಲ್ಲೇ ಸುತ್ತುತ್ತಿದ್ದವು, ಮಾರನೆಯ ದಿನ ಅರ್ಧಕ್ಕರ್ಧ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆಗ ತಾನೇ ನಿವೃತ್ತರಾಗಿದ್ದ ಮಾವನಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ.

"ಯಾರದೋ ಮನೆಯಿಂದ ಎತ್ತಿಕೊಂಡು ಬಂದು ಬಸ್ ಸ್ಟ್ಯಾಂಡಲ್ಲಿ ಇಳಿಸಿ ಹೋದ್ರೆ ಹೇಗ್ರಪ್ಪಾ? ಎಲ್ಲಿ ಹಿಡಿದ್ರೋ ಅಲ್ಲೇ ಬಿಡಬೇಕು," ಅಂದರಂತೆ.

ಮಾತು ಸರಿಯಾಗಿತ್ತು, ಆದರೆ ಎಲ್ಲಿ ಹಿಡಿದೆ ಅಂತ ಯಾವನಾದರೂ ಹೇಳುತ್ತಾನೆಯೇ? ಗಾಳ ಹಾಕುವವನು ಹೆಂಡತಿಗೆ ಸಂಬಳ ಹೇಳಿಯಾನು, ಮೀನಿನ ಜಾಗ ಹೇಳುವುದಿಲ್ಲ. ಮಾವ ಆಗ ಒಂದು ಉಪಾಯ ಹೇಳಿದರು. "ನನ್ನ ಕಿವಿಗೆ ಹೇಳಿ. ಈ ಕಡೆ ಕಿವಿಗೆ. ಒಳಗೆ ಹೋಗಿದ್ದು ಆ ಕಡೆಯಿಂದ ಆಚೆ ಬರೋಕೆ ದಾರಿಯೇ ಇಲ್ಲ, ಅದು ಮುಚ್ಚಿಹೋಗಿದೆ."

ಅಂದಿನಿಂದ ಅದೇ ರೂಢಿಯಾಯಿತು. ತೂಕ ಆದ ಮೇಲೆ ಒಬ್ಬೊಬ್ಬರೇ ಬಂದು ಮಾವನ ಎಡಗಿವಿ ಕಚ್ಚುವುದು. ಮಾವ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಆಯ್ತು, ಮನೆಗೆ ಮುಟ್ಟಿಸ್ತೀನಿ" ಅನ್ನುವುದು. ತಾವೇ ಹಲಗೆ ಹೊಡೆದು, ಒಳಗೆ ತಗಡು ಹಾಕಿ ಮಾಡಿದ ಎಂಟು ಖಾನೆಯ ತೊಟ್ಟಿ ಅವರದು. ಅದಕ್ಕೊಂದು ಗಾಳಿ ಪಂಪು, ಒಂದು ಮುಚ್ಚಳ. ಮೀನುಗಳನ್ನು ಅದರಲ್ಲಿಟ್ಟುಕೊಂಡು ಒಬ್ಬರೇ ದೋಣಿಯಲ್ಲಿ ಹೊರಡುತ್ತಿದ್ದರು. ದಡದಲ್ಲಿ ನಿಂತು ದುರ್ಬೀನು ಹಿಡಿದು ನೋಡುವ ಬುದ್ಧಿವಂತರೂ ಇದ್ದರಲ್ಲ, ಅವರಿಗಾಗಿ ಎಂಟು ಮೀನಿಗೆ ಮೂವತ್ತು ಕಡೆ ದೋಣಿ ನಿಲ್ಲಿಸುತ್ತಿದ್ದರು. ಎಲ್ಲ ಕಡೆಯೂ ಬಗ್ಗಿ ನೀರಿಗೆ ಕೈ ಹಾಕುತ್ತಿದ್ದರು. ಯಾವುದು ನಿಜ, ಯಾವುದು ನಾಟಕ ಅಂತ ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಊರಿನವರು ಅವರಿಗೆ ತವರಣ್ಣ ಅಂತ ಹೆಸರಿಟ್ಟರು, ಮೀನನ್ನು ತವರಿಗೆ ಬಿಟ್ಟು ಬರುವ ಅಣ್ಣ ಅಂತ. ಅತ್ತೆ ಬದುಕಿದ್ದಾಗ, "ನನ್ನನ್ನ ಒಂದು ಸಲ ತವರಿಗೆ ಬಿಡೋಕೆ ಪುರುಸೊತ್ತಿರಲಿಲ್ಲ, ಮೀನಿಗೆ ಎಷ್ಟು ಉಪಚಾರ ನೋಡು" ಅಂತ ಮೂಗು ಮುರಿಯುತ್ತಿದ್ದರು.

ಹದಿನಾಲ್ಕು ವರ್ಷ ಮಾವ ಒಂದು ಮಾತೂ ಆಚೆ ಬಿಡಲಿಲ್ಲ. ಕಟಿಂಗ್ ಶಾಪಿನವರು ಸತತವಾಗಿ ಮೂರು ಸಲ ಗೆದ್ದಾಗ ಇಡೀ ಊರು ಮಾವನ ತಲೆ ತಿಂದಿತು. ಸ್ವಂತ ಮಗ, ಅಂದರೆ ನನ್ನ ಗಂಡ, ಒಂದು ವರ್ಷ ಸ್ಪರ್ಧೆಗೆ ಸೇರಿ ಎಂಟರಲ್ಲಿ ಎಂಟನೆಯವರಾಗಿ ಬಂದರು. ಆಗಲೂ ಮಾವ ತುಟಿ ಪಿಟಕ್ಕೆನ್ನಲಿಲ್ಲ. ನನಗೆ ಸಿಟ್ಟೇ ಬಂದಿತ್ತು. ದಿಕ್ಕಾದರೂ ತೋರಿಸಬಾರದಿತ್ತೇ ಅಂತ ಕೇಳಿದ್ದಕ್ಕೆ, "ನಿನ್ನ ಗಂಡನಿಗೆ ಬೇಕಾಗಿರೋದು ದಿಕ್ಕಲ್ಲಮ್ಮ, ತಾಳ್ಮೆ" ಅಂದು ಚಹಾ ಕುಡಿದರು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಮೊದಲ ಸಲ ನನಗೆ ಅನುಮಾನ ಬಂತು. ಮಾವ ವಾಪಸು ಬಂದಾಗ ತೊಟ್ಟಿ ತೊಳೆಯೋಣ ಅಂತ ಮುಚ್ಚಳ ತೆಗೆದರೆ ಆರನೇ ಖಾನೆಯಲ್ಲಿ ಮೀನು ಹಾಗೇ ಇತ್ತು. "ಇದಕ್ಕೆ ಇನ್ನೂ ಸುಸ್ತು ಹೋಗಿಲ್ಲ, ಆಮೇಲೆ ಬಿಡ್ತೀನಿ" ಅಂದರು. ಅದು ನೋಡಿದರೆ ನನ್ನ ಮುಖಕ್ಕೆ ನೀರೆರಚುವಷ್ಟು ಗಟ್ಟಿಮುಟ್ಟಾಗಿತ್ತು. ಮುಂದಿನ ತಿಂಗಳು ಎರಡು ಗಂಟೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ತೊಟ್ಟಿ ಖಾಲಿ. ಮಾವ ಮನೆಗೆ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತರು, ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಎಲ್ಲವನ್ನೂ ಅಣೆಕಟ್ಟಿನ ಗೋಡೆ ಪಕ್ಕ ಒಂದೇ ಕಡೆ ಬಿಟ್ಟೆನಮ್ಮ," ಅಂದರು. "ಯಾರು ಏನು ಹೇಳಿದ್ರು ಅನ್ನೋದೇ ನೆನಪಾಗಲಿಲ್ಲ. ದೋಣಿ ನಿಲ್ಲಿಸಿಕೊಂಡು ಕೂತೆ, ಕೂತೆ. ಒಂದೂ ಬರಲಿಲ್ಲ. ಬಸ್ ಸ್ಟ್ಯಾಂಡಲ್ಲೇ ಇಳಿಸಿ ಬಂದೆ ನೋಡು."

ನನಗೆ ಹೆದರಿಕೆಯಾದರೆ ಮೊದಲು ಬಾಯಿಗೆ ಬರುವುದು ಜಗಳ. "ಅದಕ್ಕೇನೀಗ? ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಾನೇ ಬರೆದುಕೊಡ್ತೀನಿ."

"ಅವರು ಹೇಳಿದ್ದು ಕಿವಿಗೆ, ಚೀಟಿಗಲ್ಲ. ಚೀಟಿ ಯಾರ ಕೈಗೆ ಬೇಕಾದ್ರೂ ಹೋಗುತ್ತೆ."

"ಹಾಗಾದ್ರೆ ನಾನು ಜೊತೆಗೆ ಬರ್ತೀನಿ, ನನ್ನ ಕಿವಿಗೂ ಹೇಳಲಿ."

"ನಿನ್ನ ಕಿವಿಗೇನೂ ಆಗಿಲ್ಲಮ್ಮ," ಅಂದರು ಮಾವ. "ಬಾಯಿದೇ ತೊಂದರೆ."

ಅಂಥ ಹೊತ್ತಿನಲ್ಲೂ ತಮಾಷೆ ಬಿಡಲಿಲ್ಲ ಪುಣ್ಯಾತ್ಮ. ಆಮೇಲೆ, ಮುಂದಿನ ತಿಂಗಳು ಒಂದೇ ಒಂದು ಸಲ ನೋಡುತ್ತೇನೆ, ಆಗಲಿಲ್ಲವೆಂದರೆ ದೋಣಿಯ ಬೀಗದ ಕೈ ಸ್ಪರ್ಧೆ ನಡೆಸುವ ಸಮಿತಿಯವರಿಗೆ ಕೊಟ್ಟು ಮನೆಯಲ್ಲಿರುತ್ತೇನೆ ಅಂದರು. ಇದನ್ನು ಯಾರಿಗೂ ಹೇಳಕೂಡದು ಅಂತ ನನ್ನಿಂದ ಮಾತು ತೆಗೆದುಕೊಂಡರು. ಕೊಟ್ಟೆ. ಮನೆಯಲ್ಲಿ ಕೂತರೆ ಈ ಮನುಷ್ಯ ಏನಾಗುತ್ತಾರೆ ಅಂತ ನನಗೆ ಗೊತ್ತಿತ್ತು. ಆ ದೋಣಿ ಇರುವುದರಿಂದಲೇ ಅವರು ತಿಂಗಳ ಲೆಕ್ಕ, ವಾರದ ಲೆಕ್ಕ ಇಟ್ಟುಕೊಂಡಿದ್ದರು. ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳುತ್ತಿದ್ದದ್ದೂ ಅದಕ್ಕೇ.

ನಾಲ್ಕು ದಿನ ಆದ ಮೇಲೆ ಕಟಿಂಗ್ ಶಾಪಿನವರು ನನ್ನನ್ನು ತಮ್ಮ ಅಂಗಡಿಯ ಮುಂದೆ ಬೀದಿಯಲ್ಲಿ ತಡೆದರು. ಮುಖ ಸಿಂಡರಿಸಿಕೊಂಡಿದ್ದರು.

"ತಪ್ಪು ತಿಳ್ಕೋಬೇಡಿ. ನನ್ನ ಮೀನು ಅದರ ಜಾಗದಲ್ಲಿಲ್ಲ. ತುಟಿ ಹತ್ತಿರ ಗಾಯದ ಗುರುತಿದ್ದ ಮೀನು ಅದು, ಮೂರು ಸಲ ಹಿಡಿದು ಬಿಟ್ಟಿದ್ದೀನಿ. ನಿನ್ನೆ ಗೋಡೆ ಪಕ್ಕದಲ್ಲಿ ಸಿಕ್ಕಿದೆ, ಯಾರಿಗೋ. ತವರಣ್ಣ ನನ್ನ ಜಾಗ ಯಾರಿಗಾದ್ರೂ ಮಾರಿಕೊಂಡ್ರಾ?"

ಪಿತ್ತ ನೆತ್ತಿಗೇರಿತು. ನಾನು ಆ ಬೀದಿಯಲ್ಲಿ ನಿಂತು ಅವರಿಗೆ ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬೈಯುತ್ತಾ ಬೈಯುತ್ತಾ ನಿಜವೂ ಬಾಯಿಂದ ಬಿದ್ದುಹೋಯಿತು. "ಅವರಿಗೆ ನೆನಪು ಜಾರ್ತಿದೆ ಕಣ್ರೀ. ನಿಮ್ಮ ಜಾಗ ಯಾರಿಗೂ ಹೇಳಿಲ್ಲ, ಅವರಿಗೇ ಗೊತ್ತಿಲ್ಲ ಈಗ."

ಅವರು ಬೆಪ್ಪಾಗಿ ನಿಂತರು. ಅಂಗಡಿಯೊಳಗೆ ಅರ್ಧ ಕ್ಷೌರವಾಗಿದ್ದ ಗಿರಾಕಿ ಬಿಳಿ ಬಟ್ಟೆ ಹೊದ್ದುಕೊಂಡು ನಮ್ಮನ್ನೇ ನೋಡುತ್ತಿದ್ದ. ಕಟಿಂಗ್ ಶಾಪಿನವರು ಒಳಗೆ ಹೋಗಿ ಕತ್ತರಿ ಕೈಗೆತ್ತಿಕೊಂಡರು. ನಾನು ಮನೆಗೆ ಬಂದು ಅತ್ತುಬಿಟ್ಟೆ. ಹದಿನಾಲ್ಕು ವರ್ಷ ಎಂಟು ಜನರ ಗುಟ್ಟು ಕಾಪಾಡಿದವರ ಒಂದೇ ಒಂದು ಗುಟ್ಟನ್ನು ನಾನು ನಾಲ್ಕು ದಿನ ಇಟ್ಟುಕೊಳ್ಳಲಾರದೆ ಹೋದೆ. ಅದೂ ಎಲ್ಲಿ ಹೇಳಿದ್ದು? ಊರಿನ ತಲೆಗಳೆಲ್ಲ ತಿಂಗಳಿಗೊಮ್ಮೆ ಬಂದು ಕೂರುವ ಅಂಗಡಿಯ ಬಾಗಿಲಲ್ಲಿ.

ಸ್ಪರ್ಧೆಯ ದಿನ ಬಂತು. ನಾನು ತೂಗಿದೆ, ಬರೆದೆ. ಒಬ್ಬೊಬ್ಬರೇ ಮಾವನ ಕಿವಿಗೆ ಬಗ್ಗಿದರು. ಮಾವ ಎಂಟು ಸಲವೂ ಕಣ್ಣು ಮುಚ್ಚಿ, "ಆಯ್ತು, ಮನೆಗೆ ಮುಟ್ಟಿಸ್ತೀನಿ" ಅಂದರು. ಮೊದಲಿನ ಎರಡು ಸಲ ಧ್ವನಿ ಗಟ್ಟಿಯಾಗಿತ್ತು, ಆಮೇಲಾಮೇಲೆ ಕೇಳಿಸುವುದೇ ಕಷ್ಟವಾಯಿತು. ಪದ್ಧತಿಯಂತೆ, ಮೀನು ಸುಧಾರಿಸಿಕೊಳ್ಳಲಿ ಅಂತ ಒಂದು ಲೋಟ ಚಹಾ ಕುಡಿದರು. ಲೋಟ ನನ್ನ ಕೈಗೆ ಕೊಟ್ಟರು.

"ನೀನೂ ಬಾಮ್ಮ ಇವತ್ತು," ಅಂದರು. "ಎಂಜಿನ್ ನೀನೇ ನೋಡ್ಕೋ."

ಹದಿನಾಲ್ಕು ವರ್ಷದಲ್ಲಿ ಯಾರನ್ನೂ ಕರೆದಿರಲಿಲ್ಲ. ಬೀಗದ ಕೈ ಕೊಡುವುದೆಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ ಅಂತ ನನಗೆ ಅರ್ಥವಾಯಿತು. ದೋಣಿ ಹತ್ತುವಾಗ ನೋಡಿದರೆ ಕಟ್ಟೆಯ ಮೇಲೆ ಸಮಿತಿಯ ಅಧ್ಯಕ್ಷರು ಬಹುಮಾನದ ಕಪ್ ಹಿಡಿದುಕೊಂಡು ಒಬ್ಬರೇ ನಿಂತಿದ್ದರು. ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಚಹಾದ ಹೊತ್ತಿನಲ್ಲಿ ಎಲ್ಲರೂ ಎಲ್ಲಿ ಮಾಯವಾದರೋ.

ನೀರಿನೊಳಕ್ಕೆ ಚಾಚಿದ ಗುಡ್ಡದ ಮೂಲೆ ದಾಟಿ ದೋಣಿ ತಿರುಗಿಸಿದೆ. ಎದುರಿಗೆ ಕಟಿಂಗ್ ಶಾಪಿನವರು ತಮ್ಮ ದೋಣಿಯಲ್ಲಿ ಎದ್ದು ನಿಂತು ಅಂಗಡಿಯ ಬಿಳಿ ಬಟ್ಟೆ ಬೀಸುತ್ತಿದ್ದರು. ಎಲ್ಲರಿಗೂ ಕಾಣುವ ಹಾಗೆ.

"ಮೂರನೇ ಖಾನೆ, ತವರಣ್ಣ. ಇಲ್ಲೇ, ಈ ಬಂಡೆ ಪಕ್ಕ," ಅಂದರು.

ಮಾವ ಅವರನ್ನೇ ನೋಡಿದರು. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡಿದರು. ಅಲ್ಲೊಂದು ದೋಣಿ, ಅದರಾಚೆ ಇನ್ನೊಂದು. ಹಲ್ಲಿನ ಡಾಕ್ಟರು ಹಳೇ ಸೇತುವೆಯ ಕಂಬ ಹಿಡಿದುಕೊಂಡು ಕೂತಿದ್ದರು. ರಿಟೈರಾದ ಹೆಡ್‌ಮಿಸ್ಸು ಜೊಂಡಿನ ಅಂಚಿನಲ್ಲಿ ಕೊಡೆ ಬಿಚ್ಚಿ, ತರಗತಿಗೆ ತಡವಾಗಿ ಬಂದವರನ್ನು ನೋಡುವಂತೆ ನಮ್ಮನ್ನು ನೋಡುತ್ತಿದ್ದರು. ಪ್ರಾಣ ಹೋದರೂ ಜಾಗ ಹೇಳದ ಎಂಟು ಜನ ಹಾಡುಹಗಲಲ್ಲಿ, ಒಬ್ಬರ ಕಣ್ಣಿಗೆ ಒಬ್ಬರು ಬೀಳುವ ಹಾಗೆ, ಅವರವರ ಜಾಗದಲ್ಲಿ ದೋಣಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕಣ್ಣೊರೆಸಿಕೊಳ್ಳೋಣವೆಂದರೆ ಎಂಜಿನ್ ಮೇಲಿನ ಕೈ ತೆಗೆಯುವ ಹಾಗಿರಲಿಲ್ಲ.

ಒಣಗಿದ ದೊಡ್ಡ ಮರದ ಹತ್ತಿರ ಮಾತ್ರ ಎರಡು ದೋಣಿಗಳಿದ್ದವು. ಅಕ್ಕತಂಗಿಯರನ್ನು ಮದುವೆಯಾಗಿರುವ ಷಡ್ಡಕರು ಅವರು, ಪಂಕ್ಚರ್ ಅಂಗಡಿಯವನು ಮತ್ತು ಬಸ್ಸಿನ ಡ್ರೈವರು. ಮರದ ಆ ಕಡೆ ಒಬ್ಬ, ಈ ಕಡೆ ಒಬ್ಬ, ಹಾವು ಮುಂಗುಸಿಯ ಹಾಗೆ ಒಬ್ಬರನ್ನೊಬ್ಬರು ಗುರಾಯಿಸುತ್ತಿದ್ದರು. ಮಾವನ ಮುಖದಲ್ಲಿ ಆಗ ನಗು ಬಂತು.

"ಇದೊಂದು ನೆನಪಿದೆ ನನಗೆ," ಅಂದರು ಮೆಲ್ಲಗೆ. "ಹದಿನಾಲ್ಕು ವರ್ಷದಿಂದ ಇಬ್ಬರದೂ ಒಂದೇ ಮರ. ಒಬ್ಬ ಬೆಳಿಗ್ಗೆ ಬರ್ತಾನೆ, ಒಬ್ಬ ಬಿಸಿಲೇರಿದ ಮೇಲೆ. ನಗು ತಡೆದುಕೊಂಡು ತಡೆದುಕೊಂಡು ನನ್ನ ಹೊಟ್ಟೆ ಎಷ್ಟು ಸಲ ನೋಯ್ತು ಅಂತೀಯ."

ಎಂಟೂ ಮೀನು ತಂತಮ್ಮ ಮನೆ ಸೇರಿದವು. ಮಾವ ಒಂದೊಂದನ್ನೂ ಎರಡು ಕೈಯಲ್ಲಿ ನೀರೊಳಗೆ ಹಿಡಿದು, ಅದು ತಾನಾಗಿ ಜಾರುವವರೆಗೂ ಕಾದು, ಬಿಟ್ಟರು. ನಾಟಕಕ್ಕೆ ನಿಲ್ಲಿಸಬೇಕಾದ ಕಡೆ ಒಂದೂ ಇರಲಿಲ್ಲ. ಕೊನೆಯದನ್ನು ಬಿಟ್ಟ ಮೇಲೆ ತೊಟ್ಟಿಯ ಮುಚ್ಚಳ ಹಾಕಿ ಅದರ ಮೇಲೆ ಕೂತರು.

"ಯಾರು ಹೇಳಿದ್ದು ಇವರಿಗೆ?"

"ನಾನೇ, ಮಾವ." ಎಂಜಿನ್ ಆರಿಸಿದೆ. "ಮಾತು ಕೊಟ್ಟು ತಪ್ಪಿದೆ."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಬಗ್ಗಿದರು.

"ಇನ್ನೇನಾದ್ರೂ ಮನಸ್ಸಲ್ಲಿ ಇಟ್ಟುಕೊಂಡಿದ್ರೆ ಈಗಲೇ ಹೇಳಿಬಿಡು. ಹೇಗೂ ಸಂಜೆ ಹೊತ್ತಿಗೆ ಮರೆತಿರ್ತೀನಿ."

ಎಷ್ಟೋ ಜನ ಬಗ್ಗಿದ್ದ ಆ ಕಿವಿಗೆ ನಾನು ಮೊದಲ ಸಲ ಬಗ್ಗಿದೆ. ತಿಂಗಳಿಂದ ಗಂಡನಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ. "ಒಂದು ದಿನ ನೀವು ನನ್ನನ್ನೂ ಮರೆತುಬಿಡ್ತೀರಿ ಅಂತ ಭಯ ಆಗ್ತಿದೆ, ಮಾವ."

ಅವರು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವ ಹಾಗೇ ಕಣ್ಣು ಮುಚ್ಚಿ ಕೇಳಿಸಿಕೊಂಡರು. ತಲೆ ಆಡಿಸಿದರು. "ಆಯ್ತು, ಮನೆಗೆ ಮುಟ್ಟಿಸ್ತೀನಿ" ಅಂದರು ಅಭ್ಯಾಸದಿಂದ. ಆಮೇಲೆ ಕಣ್ಣು ಬಿಟ್ಟು, ಎಂಜಿನ್ ಮೇಲಿದ್ದ ನನ್ನ ಕೈ ನೋಡಿದರು.

"ಇನ್ಮೇಲೆ ಮುಟ್ಟಿಸೋಳು ನೀನೇ ಅಲ್ವಾ," ಅಂದರು.

ನಾನು ಮೆಲ್ಲಗೆ ಹೂಂ ಅಂದೆ. ಅವರ ಬಲಗಡೆ ಕೂತಿದ್ದೇನೆ ಅನ್ನುವುದು ಆಮೇಲೆ ಹೊಳೆಯಿತು. ಎದ್ದು ಎಡಗಡೆಗೆ ಬಂದು ಇನ್ನೊಂದು ಸಲ, ಗಟ್ಟಿಯಾಗಿ, ಹೂಂ ಅಂದೆ.