ದೀಪಕ್ಕೆಂದು ತೆಗೆದ ಎಣ್ಣೆ

ಮಾರ್ಚ್ ಇಪ್ಪತ್ತೆರಡು, ಶನಿವಾರ, ಬೆಳಗಿನ ಐದು ಗಂಟೆ. ಬೈಲಹೊಂಗಲದ ನಮ್ಮ ಮನೆಯ ಮುಂದೆ ಮಾಮಾನ ಕಾರು ನಿಂತಿತ್ತು. ಕರಾವಳಿಯ ಒಂದು ಗುಡ್ಡದ ಮೇಲಿರುವ ಹಳೆಯ ದೀಪಸ್ತಂಭ ನೋಡಲು ಹೊರಟಿದ್ದೆವು. ಅದರ ವಿಷಯ ತೆಗೆದವನು ನಾನು. ಹೋಗಲೇಬೇಕೆಂದು ಹಟ ಹಿಡಿದವಳು ಆಯಿ, ಅಂದರೆ ಅವ್ವನ ತಾಯಿ.

ಆಯಿಯ ಮಡಿಲಲ್ಲಿ ಒಂದು ಬಾಟಲಿ ಎಣ್ಣೆಯಿತ್ತು. ನಮ್ಮ ಹೊಲದ ಕುಸುಬಿಯದು. ಗಾಣದಿಂದ ಬಂದ ಮೊದಲ ಎಣ್ಣೆ ಪ್ರತಿವರ್ಷ ಸವದತ್ತಿ ಗುಡ್ಡದ ದೀಪಕ್ಕೆ ಹೋಗುತ್ತದೆ. ಈ ಸಲ ಅವಳು ಇನ್ನೊಂದು ಬಾಟಲಿಯನ್ನೂ ತೆಗೆದಿಟ್ಟಿದ್ದಳು. ಅವಳ ಅಜ್ಜ ಚಕ್ಕಡಿ ಹೂಡಿಕೊಂಡು ಘಟ್ಟ ಇಳಿದು, ಎಣ್ಣೆ ಮಾರಿ ಉಪ್ಪು ತರುತ್ತಿದ್ದನಂತೆ. ಹಡಗಿಗೆ ದಾರಿ ತೋರಿಸುವ ದೀಪಕ್ಕೂ ನಮ್ಮ ಎಣ್ಣೆಯನ್ನೇ ಸುರಿಯುತ್ತಾರೆ ಎಂದು ಅವಳಿಗೆ ಹೇಳಿದ್ದನಂತೆ.

“ಅವ್ವಾ, ಅಲ್ಲೀಗ ಕರೆಂಟ್ ಇರತೈತಿ,” ಎಂದ ಮಾಮಾ.

“ಇರಲಿ. ಕರೆಂಟ್ ಹೋದಾಗ?”

ಕಿತ್ತೂರು ದಾಟುವ ತನಕ ಕಬ್ಬಿನ ಟ್ರ್ಯಾಕ್ಟರ್ ಎಣಿಸಿದೆ. ಆಮೇಲೆ ಆಯಿ ಬಾಟಲಿಯ ಮುಚ್ಚಳ ಒತ್ತಿ ನೋಡುವುದನ್ನು ಎಣಿಸಿದೆ. ಘಟ್ಟದ ತಿರುವುಗಳೂ ಸೇರಿ ಹದಿನೇಳು ಸಲ.

ಮೊದಲ ಬಾರಿ ಸಮುದ್ರ ಕಂಡಾಗ ಅವಳು ಬಾಯಿಗೆ ಸೆರಗು ಹಿಡಿದಳು. “ಅಯ್ಯ, ಇಷ್ಟ್ಯಾಕ ಬೇಕಾಗಿತ್ತಪಾ ನೀರು!”

ದೀಪಸ್ತಂಭ ನೋಡಿಕೊಳ್ಳುವವರು ಬಾಟಲಿ ನೋಡಿ ನಕ್ಕರು. “ಎಣ್ಣೆ ಹಾಕೂಕೆ ಜಾಗನೇ ಇಲ್ರಾ ಅಜ್ಜಿ. ಮೇಲೆ ಬೆಂಕಿ ಹಚ್ಚೂಕೂ ಬಿಡೂದಿಲ್ಲ.”

ಆಯಿ ಬಾಗಿಲ ಕಟ್ಟೆಯ ಮೇಲೆ ಕೂತುಬಿಟ್ಟಳು. “ದೀಪಕ್ಕಂತ ತಗದಿದ್ದು ತಿರುಗಿ ಮನಿಗೆ ಬರಬಾರದು.”

“ಹಂಗಾರ ಹಾದ್ಯಾಗ ಖಾನಾವಳ್ಯಾಗ ಕೊಟ್ಟು ಬದನಿಕಾಯಿ ಎಣಗಾಯಿ ಮಾಡಸೋಣ ತಗೋ,” ಎಂದ ಮಾಮಾ.

“ನಿನ್ನ ಬಾಯಾಗ ಮಣ್ಣ ಹಾಕ! ಹೊಟ್ಟಿ ಬಿಟ್ಟು ಬ್ಯಾರೆ ಏನರ ಗೊತ್ತೈತೇನ ನಿನಗ?”

ನಾನೂ ಮಾಮಾನೂ ಮೇಲೆ ಹತ್ತಿದೆವು. ಆಳೆತ್ತರದ ಗಾಜಿನ ಮಸೂರ, ಸುತ್ತ ಮೂರು ದಿಕ್ಕಿಗೆ ನೀರು. ಆದರೆ ನಾನು ಮತ್ತೆ ಮತ್ತೆ ಬಗ್ಗಿ ನೋಡಿದ್ದು ಕೆಳಗಿದ್ದ ಹಸಿರು ಸೀರೆಯನ್ನು. ಇಷ್ಟು ದೂರ ಬಂದು ಅವಳು ಮೋರೆ ಇಳಿಬಿಟ್ಟುಕೊಂಡು ತಿರುಗಬೇಕೇ?

ಇಳಿದು ಬಂದಾಗ ಕಟ್ಟೆ ಖಾಲಿ. ದೀಪಸ್ತಂಭ ನೋಡಿಕೊಳ್ಳುವವರ ಹೆಂಡತಿ ಆಯಿಯನ್ನು ಪಕ್ಕದ ತಮ್ಮ ಮನೆಗೆ ಚಹಾಕ್ಕೆ ಕರೆದೊಯ್ದಿದ್ದರು. ಅಂಗಳದಲ್ಲಿ ತುಳಸಿಕಟ್ಟೆ, ಅದರ ಗೂಡಿನಲ್ಲಿ ಒಂದು ಹಣತೆ.

“ನಾ ಇದನ್ನ ಹಚ್ಚದೆ ಇವ್ರು ಮೇಲಿನ ಸ್ವಿಚ್ ಮುಟ್ಟೂದಿಲ್ಲ ಅಜ್ಜಿ,” ಎಂದರು ಆಕೆ. “ದಿನಾ ಹಾಗೇ.”

ಆಯಿ ಹಣತೆ ನೋಡಿದಳು, ಕತ್ತೆತ್ತಿ ಸ್ತಂಭ ನೋಡಿದಳು. “ಹಂಗಾರ ಇದ ಅಕ್ಕ. ಅದು ತಂಗಿ.”

ಹೊತ್ತು ಮುಳುಗುವ ತನಕ ಅಲ್ಲೇ ಕಾದೆವು. ಗಾಳಿ ಜೋರಾಗಿತ್ತು. ಆಯಿ ಎಣ್ಣೆ ಸುರಿದಳು. ನಾವು ಕಟ್ಟೆಯ ಸುತ್ತ ಅಂಗೈ ಅಡ್ಡ ಹಿಡಿದು ನಿಂತೆವು. ಎರಡು ಕಡ್ಡಿ ಆರಿದವು, ಮೂರನೆಯದು ಹತ್ತಿತು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಬೆಳಕಿನ ಕೋಲೊಂದು ಸಮುದ್ರದ ಮೇಲೆ ಹೊರಳಿತು.

“ನೋಡಲೇ! ನಮ್ಮ ಎಣ್ಣಿ!” ಎಂದು ಆಯಿ ಮಾಮಾನ ಬೆನ್ನಿಗೆ ಗುದ್ದಿದಳು.

ಉಳಿದ ಎಣ್ಣೆಯನ್ನು ಆಕೆಗೇ ಕೊಟ್ಟಳು. ಆಕೆ ಅದನ್ನು ಡಬ್ಬಿಗೆ ಬಗ್ಗಿಸಿಕೊಂಡು, ಬಾಟಲಿ ತೊಳೆದು ಒರೆಸಿ ಒಳಗೆ ಒಯ್ದರು. ತಿರುಗಿ ತಂದಾಗ ಅದರ ತುಂಬ ಹರಳುಪ್ಪು. “ಖಾಲಿ ಹೆಂಗೆ ಕೊಡೂದು? ನಮ್ಮೂರ ಉಪ್ಪಿನ ಗದ್ದೆದು.”

ಆಯಿ ಒಂದು ಹರಳು ನಾಲಿಗೆಗೆ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಎಣ್ಣಿ ಕೊಟ್ಟು ಉಪ್ಪು ತಂದ್ವಿ. ನಮ್ಮಜ್ಜನ ವ್ಯಾಪಾರನ ಆತಲ್ಲೋ!”

ತಿರುಗಿ ಬರುವ ದಾರಿಯುದ್ದಕ್ಕೂ ಅವಳು ಮುಚ್ಚಳ ಒತ್ತಿ ನೋಡಿದ್ದು ಒಂದು ಸಲವೂ ಇಲ್ಲ. ಬಾಟಲಿ ಅಪ್ಪಿಕೊಂಡು ನಿದ್ದೆ ಹೋಗಿದ್ದಳು.

ಕರೆಂಟಿಗೆ ಮೊದಲು ಅಲ್ಲಿ ಯಾವ ಎಣ್ಣೆ ಉರಿಯುತ್ತಿತ್ತೆಂದು ಅಲ್ಲಿಯವರಿಗೂ ಗೊತ್ತಿರಲಿಲ್ಲ. ಬೈಲಹೊಂಗಲ, ರಾಮದುರ್ಗದ ಕಡೆಯಿಂದ ಘಟ್ಟ ಇಳಿದ ಎಣ್ಣೆ ಚಕ್ಕಡಿಗಳ ಮಾತು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಬಂದಿದ್ದರೆ ದಯವಿಟ್ಟು ನನಗೆ ಬರೆಯಿರಿ. ಆಯಿಗೆ ಓದಿ ಹೇಳುತ್ತೇನೆ. ಕುಸುಬಿ ಅಲ್ಲ, ಬೇರೆ ಎಣ್ಣೆ ಎಂದಿದ್ದರೂ ಬರೆಯಿರಿ. ಅದನ್ನು ಹೇಗೆ ಹೇಳುವುದೆಂದು ಆಮೇಲೆ ನೋಡೋಣ.