ಹಲಗಿಯ ಮೇಲೆ ಹೊರಿಸಿದ ಕಿವುಡು

ಗೊರೇಬಾಳದ ಹುಸೇನಪ್ಪ ಸೈನ್ಯದಲ್ಲಿ ತೋಪು ಹಾರಿಸುತ್ತಿದ್ದವನು. ಮೊಹರಂ ಹರಕೆಯಿಂದ ಹುಟ್ಟಿದ್ದಕ್ಕೇ ಅವನಿಗೆ ಆ ಹೆಸರು. ಎರಡೂ ಕಿವಿ ಮಂದವಾಗಿ ನಿವೃತ್ತನಾಗುವಾಗ, ರಜೆಗೆ ಹೋದಾಗ ಊರಲ್ಲಿ ಏನು ಮಾಡುತ್ತೀ ಎಂದು ಸೈನ್ಯದ ವೈದ್ಯರು ಕೂಗಿ ಕೇಳಿದರು. ಇವನೋ ಎದೆಯುಬ್ಬಿಸಿ, "ರಜಾಕ್ಕ ಹೋದಾಗ ಮೊಹರಂದಾಗ ಅಲಾಯಿ ದೇವರ ಮುಂದ ಹಲಗಿ ಬಡೀತೀನ್ರಿ" ಅಂದುಬಿಟ್ಟ.

ಅಷ್ಟೇ ಸಾಕಾಯಿತು. ಕಿವುಡಿಗೆ ಹಲಗಿಯೇ ಕಾರಣ, ಸೇವೆಯಲ್ಲ. ಅಂಗವಿಕಲ ಪಿಂಚಣಿ ಇಲ್ಲ ಎಂದರು ಸೈನ್ಯದವರು. ಮೊದಲ ಮೇಲ್ಮನವಿ ಬಿದ್ದುಹೋಯಿತು. ಎರಡನೆಯದೂ ಬಿದ್ದುಹೋಯಿತು.

"ಹಲಗಿ ಮುಟ್ಟೇ ಇಲ್ಲಂತ ಹೇಳಿಬಿಡ್ರಿ," ಎಂದಳು ಹೆಂಡತಿ ಹುಲಿಗೆಮ್ಮ.

"ಹುಸೇನಪ್ಪಂತ ಹೆಸರಿಟ್ಕೊಂಡು ಹಲಗಿ ಸುಳ್ಳನ್ಲೇನು?" ಎಂದು ರೇಗಿ, ಬೆಂಗಳೂರಿನ ನ್ಯಾಯಮಂಡಳಿಗೇ ಹೋದ.

ಅಲ್ಲೂ ಸರ್ಕಾರಿ ವಕೀಲರು ಹಲಗಿಯನ್ನೇ ಎತ್ತಿದಾಗ ಎದ್ದು ನಿಂತ.

"ಹೌದ್ರೀ, ಸಣ್ಣಾವಿದ್ದಾಗಿಂದ ಬಡಿದೀನಿ. ಅದಾದ ಮ್ಯಾಲೇ ನೀವು ಕಿವಿ ಪರೀಕ್ಷೆ ಮಾಡಿ, ಚಲೋ ಅದಾವಂತ ಭರ್ತಿ ಮಾಡ್ಕೊಂಡಿರಿ. ಹಲಗಿಗೆ ಕೆಡಲಾರದ ಕಿವಿ, ನಿಮ್ಮ ತೋಪಿನ ಬಾಜೂಕ ನಿಂತ ಮ್ಯಾಲ ಹೆಂಗ ಕೆಟ್ಟುವು?"

ನ್ಯಾಯಮೂರ್ತಿಗಳು ಉತ್ತರಕ್ಕಾಗಿ ವಕೀಲರ ಕಡೆ ತಿರುಗಿದರು. ವಕೀಲರ ತುಟಿ ಅಲುಗಲಿಲ್ಲ.

"ಸ್ವಲ್ಪ ಜೋರಾಗಿ ಹೇಳ್ರೀ ಸಾಹೇಬ್ರ," ಎಂದ ಹುಸೇನಪ್ಪ, "ನನಗ ಕೇಳಸವಲ್ದು."