ಹಾಡಿನ ಮೇಲಿನ ಕೊಸರು

ಬಾಳೆಹಣ್ಣು ತಿಂದರೆ ನೆಗಡಿ ಆಗುತ್ತದೆಯೇ ಎಂದು ಬಾಳೆ ಬೆಳೆಯುವವರ ಮನೆಯಲ್ಲಿ ಕೇಳಬಾರದು. ಅದರಲ್ಲೂ ಬಾಳೆಗೇ ಹೆಸರಾದ ಕಮಲಾಪುರದಲ್ಲಿ ಕೇಳಬಾರದು. ಅದರಲ್ಲೂ ಮದುವೆಯಾದ ಹೊಸತರಲ್ಲಿ, ಮಾವನವರು ತಮ್ಮ ತೋಟದ ಕೆಂಪು ಬಾಳೆಹಣ್ಣನ್ನು ಕೈಯಾರೆ ಗೊನೆಯಿಂದ ಕಿತ್ತು ಮುಂದೆ ಹಿಡಿದಾಗ, ಅಳಿಯನಾದವನು ಕೇಳಲೇಬಾರದು. ನಾನು ಕೇಳಿದೆ.

ಮಾವನವರು ಹಣ್ಣನ್ನು ಮೆಲ್ಲಗೆ ತಾಟಿನಲ್ಲಿಟ್ಟರು. ಮಗಳ ಕಡೆ ತಿರುಗಿ, "ಮಾದೇವಿ, ಅಳಿಯಾರಿಗೆ ಬಿಸಿನೀರು ಕೊಡು" ಎಂದರು. ಅಲ್ಲಿಂದ ಮೂರು ವರ್ಷ ನನ್ನೊಡನೆ ಅವರು ನೇರವಾಗಿ ಒಂದು ಮಾತೂ ಆಡಲಿಲ್ಲ.

ಮರ್ಯಾದೆಗೇನೂ ಕೊರತೆಯಿರಲಿಲ್ಲ. ಎರಡು ಮೊಳ ದೂರದಲ್ಲಿ ಕೂತಿದ್ದರೂ, "ಮಾದೇವಿ, ಅಳಿಯಾರು ಇನ್ನೊಂದು ರೊಟ್ಟಿ ಹಾಕಿಸ್ಕೋತಾರೇನ್ ಕೇಳು" ಎನ್ನುತ್ತಿದ್ದರು. "ಸಾಕು ಅಂತ ಹೇಳು" ಎಂದು ನಾನೂ ಹೆಂಡತಿಯ ಕಡೆಗೇ ನೋಡುತ್ತಿದ್ದೆ. ಕೊನೆಗೊಮ್ಮೆ ಮಹಾದೇವಿಗೆ ರೇಗಿತು. "ಇಬ್ಬರಿಗೂ ಕಿವಿ ಅದಾವ, ಬಾಯಿ ಅದಾವ. ನಡುವ ನಾ ಏನ್ ಟಪಾಲು ಡಬ್ಬಿ ಏನ್ರಿ?"

ಚಿಂತೆ ನನ್ನ ಹುಟ್ಟುಗುಣ. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಬಸ್‌ಸ್ಟ್ಯಾಂಡಿನ ಅರ್ಧ ದಾರಿಯಿಂದ ತಿರುಗಿ ಬಂದು ಮೂರನೆಯ ಸಲ ಜಗ್ಗುವವನು ನಾನು. ಇಂಥವನಿಗೆ ಮೂರು ವರ್ಷದ ಮೌನ ಸಿಕ್ಕರೆ ಕೇಳಬೇಕೇ? ಬೈದರೂ ಚಿಂತೆಯಿಲ್ಲ, ಮಾವನವರ ಬಾಯಿಂದ ನನ್ನ ಕಡೆಗೆ ನೇರವಾಗಿ ಒಂದು ವಾಕ್ಯ ಬಂದರೆ ಸಾಕು ಎನ್ನುವಂತಾಗಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ಆಗ ಕಲಬುರಗಿಗೆ ಒಂದು ಹಿಂದಿ ಸಿನಿಮಾ ಬಂತು. ಕಥೆ ನಡೆಯುವುದು ಮೂವತ್ತು ವರ್ಷ ಹಿಂದಿನ ಒಂದು ಸಣ್ಣ ರೈಲ್ವೆ ಊರಿನಲ್ಲಿ. ಆ ಕಾಲದ ಹಾಡುಗಳನ್ನೇ ಅಲ್ಲಲ್ಲಿ ಹಾಕಿ, ಉಳಿದದ್ದಕ್ಕೆ ಹೊಸ ಸಂಗೀತ ಕಟ್ಟಿದ್ದಾರೆಂದು ಸುದ್ದಿ. "ಅಪ್ಪ ಹಳೀ ಹಾಡು ಗುನುಗ್ತಾನ. ಯಾರರೆ ಬಂದ್ರ ನಿಲ್ಲಸ್ತಾನ" ಎಂದು ಮಹಾದೇವಿ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಟಪಾಲು ಡಬ್ಬಿಯ ಮೂಲಕ ಆಮಂತ್ರಣ ಕಳಿಸಿದೆ. ಮಾವನವರು ಗರಿಗರಿ ಧೋತರ ಉಟ್ಟು, ರುಮಾಲು ಸುತ್ತಿ, ಬಸ್ಸು ಹತ್ತಿ ಬಂದೇಬಿಟ್ಟರು.

ತೆರೆಯ ಮೇಲೆ ನಾಯಕ ಹೋಟೆಲಿನಲ್ಲಿ ಕೂತಿದ್ದಾನೆ, ಕೈಯಲ್ಲಿ ಒಡೆಯದ ಕಾಗದ. ಗೂಡಿನ ಮೇಲಿನ ರೇಡಿಯೊದಲ್ಲಿ ಹಳೆಯ ಹಾಡು ಸುರುವಾಯಿತು. ಥೇಟರಿನ ತುಂಬ ಒಂದು ನಿಟ್ಟುಸಿರು. ಪಕ್ಕದಲ್ಲಿ ಮಾವನವರ ಮೊಣಕಾಲು ತಾಳ ಹಾಕತೊಡಗಿತು. ನನ್ನ ಎದೆ ಅರಳಿತು. ಪಲ್ಲವಿ ಮುಗಿದು ಚರಣಕ್ಕೆ ಬರುತ್ತಲೂ ಹೋಟೆಲಿನವನು ಕೈಚಾಚಿ ರೇಡಿಯೊ ಬಂದ್ ಮಾಡಿದ.

"ಏ, ಪೂರಾ ಹಾಡ್ ಹಾಕೋ!" ಎಂದು ಹಿಂದಿನಿಂದ ಯಾರೋ ಮಷೀನ್ ರೂಮಿನ ಕಡೆ ತಿರುಗಿ ಕೂಗಿದರು. ಎರಡನೆಯ ಹಾಡು ರೈಲಿನ ಸದ್ದಿನಡಿ ಸಿಕ್ಕಿ ಸತ್ತಿತು. ಮೂರನೆಯದರ ಮೇಲೆ ಕ್ಷೌರದಂಗಡಿಯವನು ಬಾಗಿಲು ಮುಚ್ಚಿದ. ಮಾವನವರ ಮೊಣಕಾಲು ಯಾವಾಗಲೋ ನಿಂತಿತ್ತು. ಹಾಡುಗಳನ್ನು ನಾನೇ ಕತ್ತರಿಸಿದೆನೇನೋ ಎಂಬಂತೆ ಬೆವರಿದೆ. ನಾನು ಅವರ ಪಕ್ಷದವನೆಂದು ತಿಳಿಯಲೆಂದು, ಹಾಡು ಕಡಿದಾಗಲೆಲ್ಲ ಕೇಳುವಂತೆ "ಚ್ಚ್ ಚ್ಚ್" ಎಂದು ಲೊಚಗುಟ್ಟಿದೆ. ಹೊರಗೆ ಬಂದಾಗ ಅವರೆಂದದ್ದು ಇಷ್ಟೇ: "ಮಾದೇವಿ, ಬಸ್ ಎಷ್ಟೊತ್ತಿಗದ ಕೇಳು."

ಮರುದಿನವೇ ಸೇಡಂ ರಸ್ತೆಯ ರೆಕಾರ್ಡಿಂಗ್ ಅಂಗಡಿಗೆ ಓಡಿದೆ. ಆಗಿನ ಪದ್ಧತಿ ನಿಮಗೆ ನೆನಪಿರಬೇಕು: ಬೇಕಾದ ಹಾಡುಗಳ ಚೀಟಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟರೆ ತುಂಬಿಕೊಡುತ್ತಿದ್ದರು. ಸಿನಿಮಾದಲ್ಲಿ ಅರ್ಧಕ್ಕೆ ನಿಂತ ಹಾಡುಗಳನ್ನೆಲ್ಲ, ಜೊತೆಗೆ ಆ ಕಾಲದ ಇನ್ನಷ್ಟನ್ನೂ ಬರೆದು, ಕೆಳಗೆ "ಪೂರ್ತಿ" ಎಂದು ಎರಡು ಗೆರೆ ಎಳೆದೆ. ಅಂಗಡಿಯವರು ಬೆರಳು ಎಣಿಸಿ, "ಸಾಬ್, ಆಖ್ರಿಗೆ ನಾಲ್ಕು ಮಿನಿಟು ಖಾಲಿ ಉಳೀತದ" ಎಂದರು.

"ಉಳೀಲಿ ಬಿಡ್ರಿ."

"ಖಾಲಿ ಟೇಪ್ ಕೊಟ್ರ ನಮ್ಮ ದುಕಾನಿನ ಇಜ್ಜತ್ ಏನಾಗಬೇಕು? ನೀವು ಹೇಳಿದ ಪಿಚ್ಚರ್‌ದ ರಿಕಾರ್ಡ್ ಬಂದದ, ಅದರಾಗಿಂದು ಏನರೆ ಹಾಕ್ತೀನಿ. ಕೊಸರು ಅನ್ಕೋರಿ."

ತೂಕವಾದ ಮೇಲೆ ಕಾಯಿಪಲ್ಲೆಯವಳು ಹಾಕುವ ಎರಡು ಮೆಣಸಿನಕಾಯಿಯನ್ನು ಯಾರು ಬೇಡವೆನ್ನುತ್ತಾರೆ? ಒಪ್ಪಿದೆ. ಆದರೆ ಯಾವುದಾದರೂ ಹಾಡು ಮತ್ತೆ ನಡುವೆ ಕಡಿದಿದ್ದರೆ ಎಂಬ ಭಯಕ್ಕೆ ಕ್ಯಾಸೆಟ್ಟನ್ನು ಮನೆಯಲ್ಲಿ ಮೂರು ಸಲ ಮೊದಲಿಂದ ಕೊನೆಯವರೆಗೆ ಕೇಳಿದೆ. ಹೀಗಾಗಿ ಆ ಕೊಸರೂ ಮೂರು ಸಲ ಕಿವಿಗೆ ಬಿತ್ತು.

ಅದು ಆ ಹೋಟೆಲಿನ ಸಂದರ್ಭವೇ. ರೇಡಿಯೊ ಹಾಡುತ್ತದೆ, ಟಕ್ಕನೆ ನಿಲ್ಲುತ್ತದೆ. ಅದು ಯಾವ ಸ್ವರದ ಮೇಲೆ ನಿಂತಿತೋ ಅದೇ ಸ್ವರದಿಂದ ಒಂದು ಕ್ಲಾರಿನೆಟ್ ಏಳುತ್ತದೆ. ಅವಸರವಿಲ್ಲ, ಹಳೆಯ ಹಾಡಿನೊಡನೆ ಪೈಪೋಟಿಯಿಲ್ಲ. ಹಿರಿಯರು ಮಾತು ನಿಲ್ಲಿಸಿದ ಮೇಲೆ ಅವರ ಮಾತನ್ನೇ ಮೆಲ್ಲಗೆ ಮುಂದುವರಿಸುವ ಮನೆಮಗನ ಹಾಗೆ. ಥೇಟರಿನಲ್ಲಿ ನನಗೆ ಇದು ಕೇಳಿಸಿಯೇ ಇರಲಿಲ್ಲ. ನಾನು ಲೊಚಗುಟ್ಟುತ್ತಿದ್ದೆ.

ಮೂರನೆಯ ಸಲಕ್ಕೆ ಒಂದು ವಿಷಯ ಹೊಳೆಯಿತು. ರೇಡಿಯೊದ ಹಾಡು ನಾಯಕನಿಗೂ ಕೇಳುತ್ತದೆ. ಕ್ಲಾರಿನೆಟ್ ಅವನಿಗೆ ಕೇಳುವುದಿಲ್ಲ. ಪಾಪ, ಅವನ ದುಃಖವನ್ನು ಅಷ್ಟು ಚೆಂದವಾಗಿ ಯಾರೋ ನುಡಿಸುತ್ತಿದ್ದಾರೆ, ನಮಗೆಲ್ಲ ಗೊತ್ತು, ಅವನೊಬ್ಬನಿಗೇ ಗೊತ್ತಿಲ್ಲ! ನಮ್ಮ ಅಲಂಕಾರಶಾಸ್ತ್ರದವರು ಬಂದು ಹೋಗುವ ಭಾವವನ್ನು ಸಂಚಾರಿ ಎಂದರು, ಒಳಗೆ ನೆಲೆ ನಿಂತದ್ದನ್ನು ಸ್ಥಾಯಿ ಎಂದರು. ಹಾಡು ಸಂಚಾರಿ, ಅದರ ಹಿಂದಿನ ಈ ಕ್ಲಾರಿನೆಟ್ ಸ್ಥಾಯಿ ಇರಬೇಕು. ಅಂದಹಾಗೆ, ಹಳಬರ ಪಟ್ಟಿಯಲ್ಲಿ ಚಿಂತೆ ಸಂಚಾರಿಗಳ ಸಾಲಿನಲ್ಲಿದೆ. ಅವರು ನನ್ನನ್ನು ನೋಡಿರಲಿಲ್ಲ.

ಕ್ಯಾಸೆಟ್ಟು ಮಹಾದೇವಿಯ ಕೈಯಲ್ಲಿ ಕಮಲಾಪುರಕ್ಕೆ ಹೋಯಿತು. ತಿರುಗಿ ಬಂದವಳನ್ನು ಹೊಸ್ತಿಲಲ್ಲೇ ತಡೆದು, "ಏನಂದ್ರು?" ಎಂದೆ.

"ಏನಂತಾನ? ತಗೊಂಡ, ಕಿಸೇದಾಗ ಇಟ್ಕೊಂಡ."

ಎಂಟು ದಿನ ನಾನು ನಾನಾಗಿರಲಿಲ್ಲ. ಟೇಪು ಸಿಕ್ಕಿಕೊಂಡಿದ್ದರೆ? ಹಾಡು ತಪ್ಪಾಗಿದ್ದರೆ? ಸೂಟಿ ಬಂದದ್ದೇ ಇಬ್ಬರೂ ಕಮಲಾಪುರಕ್ಕೆ ಹೋದೆವು. ಪಡಸಾಲೆಯಲ್ಲಿ ಟೇಪ್‌ರೆಕಾರ್ಡರ್ ಇತ್ತು. ನಾನು ಕೂತದ್ದನ್ನು ನೋಡಿ ಮಾವನವರು ಗುಂಡಿ ಒತ್ತಿದರು. ಬಂದದ್ದು ಹಾಡಲ್ಲ, ಕೊನೆಯ ಕೊಸರು. ನಾನು ತಡಬಡಿಸಿ ಹೆಂಡತಿಯ ಕಡೆ ತಿರುಗಿದೆ.

"ಮಹಾದೇವಿ, ಹಾಡು ಮುಂಚೆ ಅದಾವ ಅಂತ ಹೇಳು. ಹಿಂದಕ್ಕ ಸುತ್ತಬೇಕು. ಇದು ಖಾಲಿ ಜಾಗಕ್ಕ ತುಂಬಿದ್ದು. ಸೌಂಡ್ ಕಮ್ಮಿ ಆಗ್ಯಾದೇನ್ ಕೇಳು. ಅಥವಾ ಟೇಪೇ—"

"ಸುಮ್ನ ಕೂಡ್ರಿ, ಅಳಿಯಾರ" ಎಂದರು ಮಾವನವರು. "ಕೇಳಾಕ ಬಿಡ್ರಿ."

ಮಾತು ಮುಟ್ಟಿಸಲೆಂದು ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದ ಮಹಾದೇವಿ, ಅರ್ಧಕ್ಕೇ ನಿಂತಳು. ಕೈಯಲ್ಲಿದ್ದ ಚಹಾದ ಬಸಿಯೂ ನಿಂತಿತು.

ಕ್ಲಾರಿನೆಟ್ ಮುಗಿದು ಗುಂಡಿ ಟಕ್ಕೆಂದು ಮೇಲೆ ಬಂದ ಮೇಲೆ ಅವರು ನನ್ನ ಮುಖ ನೋಡಿದರು. "ಪೂರಾ ಹಾಡು ಆಗ ಯಾರ್ ಕೇಳ್ಯಾರ್ರಿ? ರೇಡಿಯೊ ಹೋಟೆಲ್‌ದಾಗ ಇರ್ತಿತ್ತು. ನಾವು ಗೊನಿ ಹೇರ್ಕೊಂಡು ಬಂಡಿ ಮ್ಯಾಲ ಕಲಬುರ್ಗಿಗಿ ಬರ್ತಿದ್ವಿ. ಬಂಡಿ ಹೋಟೆಲ್ ದಾಟೂ ತನಕ ಎಷ್ಟು ಕಿವಿಗೆ ಬಿತ್ತು, ಅಷ್ಟೇ ನಮ್ಮದು. ಮುಂದಿಂದು ಊರು ಮುಟ್ಟೂ ತನಕ ತಲ್ಯಾಗ ನಡೀತಿತ್ತು. ಈ ಪುಣ್ಯಾತ್ಮ ಅದನ್ನ ಬಾರಿಸ್ಯಾನ ನೋಡ್ರಿ." ಕ್ಯಾಸೆಟ್ಟು ಹೊರತೆಗೆಯುತ್ತ, "ಆವತ್ತು ಥೇಟರದಾಗೂ ಅದನ್ನೇ ಕೇಳಾಕತ್ತಿದ್ದೆ. ನೀವು ಮಗ್ಗಲದಾಗ ಹಲ್ಲಿ ಲೊಚಗುಟ್ಟಿದಂಗ ಮಾಡಾಕತ್ತಿದ್ರಿ" ಎಂದರು.

ಮಹಾದೇವಿ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು.

ಥೇಟರಿನಲ್ಲಿ ಅವರ ಮೊಣಕಾಲು ನಿಂತದ್ದು ಸಿಟ್ಟಿನಿಂದಲ್ಲ, ಕಿವಿಗೊಡಲು. ಮೂರು ವರ್ಷದ ಮೌನದಲ್ಲಿಯೂ ನನಗೆ ಕೇಳಿಸದ ಕ್ಲಾರಿನೆಟ್ ಒಂದು ನಡೆದಿತ್ತೋ ಏನೋ. ಅದನ್ನು ಕೇಳುವ ವ್ಯವಧಾನ ನನ್ನಲ್ಲಿರಲಿಲ್ಲ.

ಮಾವನವರು ಒಂದು ಕೆಂಪು ಬಾಳೆಹಣ್ಣು ಸುಲಿದು ನನ್ನ ಮುಂದೆ ಹಿಡಿದರು. ಏನೂ ಕೇಳದೆ ತಿಂದೆ. ಇನ್ನೊಂದು ಸುಲಿದು, "ಕೊಸರು" ಎಂದರು. ಅದನ್ನೂ ತಿಂದೆ.

ಮರುದಿನ ಬೆಳಿಗ್ಗೆ ಬ್ರಹ್ಮಪುರದ ಮನೆಯಲ್ಲಿ ಏಳು ಸೀನು ಸೀನಿದೆ. "ಏನ್ರಿ, ನೆಗಡಿ ಬಂದಾದೇನು?" ಎಂದಳು ಮಹಾದೇವಿ, ನಗು ಅದುಮಿಕೊಂಡು.

"ಬಸ್ಸಿನ ಕಿಟಕಿ ಗಾಳಿ" ಎಂದೆ. "ಇದೊಂದು ಮಾತು ಮಾತ್ರ ನಿಮ್ಮಪ್ಪನಿಗೆ ಮುಟ್ಟಿಸಬ್ಯಾಡ."